ಹಿಂದೆ ಎಷ್ಟು ಜನ ಹಿಡಿಯುತ್ತಾರೆ?

ನನ್ನ ಕೆನ್ನೆಗೆ ಬಾರಿಸಿದ ಮೇಲೆಯೇ ಅವನು ನಮ್ಮ ಶೋರೂಮಿನಲ್ಲಿ ಗಾಡಿ ಬುಕ್ ಮಾಡಿದ್ದು. ಗಿರಾಕಿಗಳ ಬೈಗುಳ ತಿನ್ನುವುದು ನಮ್ಮ ಕೆಲಸದಲ್ಲಿ ಚಹಾ ಕುಡಿದಷ್ಟೇ ಸಲೀಸು. ಆದರೆ ಹೊಡೆತ ತಿಂದು, ಹೊಡೆದವನಿಗೇ ಕುರ್ಚಿ ಎಳೆದು ಕೊಟ್ಟ ಸೇಲ್ಸ್‌ಮನ್ ಶಿರಸಿಯಲ್ಲಿ ನಾನೊಬ್ಬನೇ ಇರಬೇಕು.

ಆಗಷ್ಟೇ ಎರಡು ಸಾಲು ಸೀಟಿನ ಹೊಸ ಪಿಕಪ್ ಬಂದಿತ್ತು. ಮುಂದೆ ಕಾರಿನ ಹಾಗೆ ಮನೆಮಂದಿಯೆಲ್ಲ ಕೂರಬಹುದು, ಹಿಂದೆ ಮಾಲು ಹೇರಬಹುದು. ಅದನ್ನು ಬಾಗಿಲಲ್ಲೇ ನಿಲ್ಲಿಸಿ, ಹೂವಿನ ಹಾರ ಹಾಕಿ, ಬಂದವರಿಗೆಲ್ಲ ನಾನು ಪಾಠ ಒಪ್ಪಿಸುತ್ತಿದ್ದೆ. ಬನವಾಸಿ ಕಡೆಯ ಅನಾನಸ್ ಬೆಳೆಗಾರ, ಮಾತು ಕಡಿಮೆ, ಆಳು ಭಾರೀ, ಸುತ್ತು ಹಾಕಿ ನೋಡುತ್ತಿದ್ದ. ಟೈರಿಗೆ ಒದ್ದ. ಬಾಗಿಲನ್ನು ಎರಡೆರಡು ಸಲ ದಡಾರನೆ ಬಡಿದ. ಬಾನೆಟ್ಟಿಗೆ ಗುದ್ದಿದ. ನಾನು ಹಲ್ಲು ಕಚ್ಚಿಕೊಂಡು ನಗುತ್ತಲೇ ಇದ್ದೆ. ಕೊನೆಗೆ, ಪಿಕಪ್ ಮಾರುವವರೆಲ್ಲ ಹೇಳುವ ಮಾತನ್ನೇ ನಾನೂ ಹೇಳಿದೆ: "ಬೇಕಾದ್ರೆ ಹಿಂದೆ ಇನ್ನೊಂದು ಹತ್ತು ಜನ ಆರಾಮ್ ಹಿಡೀತಾರೆ ಗೌಡ್ರೇ."

ಹೊಡೆತ ಎಲ್ಲಿಂದ ಬಂತೋ ಕಾಣಲಿಲ್ಲ. ಕಿವಿಯಲ್ಲಿ ಗುಂಯ್ ಎಂದದ್ದು ಮಾತ್ರ ನೆನಪಿದೆ. ಕಣ್ಣು ಬಿಟ್ಟಾಗ ಅವನು ಬಾಟಲಿಯಿಂದ ನೀರು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ಇದನ್ನ ತಗೋತೀನಿ. ಬಿಳೇದು ಕೊಡ್ರಿ" ಎಂದ.

ಎದುರಿಗೆ ಅವನನ್ನು 'ಗೌಡ್ರೇ' ಎನ್ನುತ್ತಿದ್ದೆ. ಬೆನ್ನ ಹಿಂದೆ 'ಅವನು' ಎನ್ನುತ್ತಿದ್ದೆ. ಈಗ ಅವನಿಲ್ಲ. ಬರೆಯುವಾಗ 'ಅವನು' ಎಂದೇ ಬರುತ್ತಿದೆ, ಬರಲಿ. ಅವನು ನನ್ನನ್ನು ಕೊನೆಯವರೆಗೂ ಕರೆದದ್ದು 'ಏ ಶೋರೂಮು' ಎಂದು. ನನಗೊಂದು ಹೆಸರಿದೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

ಸಣ್ಣವನಿದ್ದಾಗ ಊರ ಗರಡಿಯಲ್ಲಿ ಮಣ್ಣು ಹೊತ್ತು ಕುಸ್ತಿ ಆಡಿದ ಮೈ ಅದು. ಎಡಗಿವಿ ಮುದುಡಿ ಗಟ್ಟಿಯಾಗಿತ್ತು. ಅಂಗೈ ಪೂರ್ತಿ ಬಿಚ್ಚುತ್ತಿರಲಿಲ್ಲ, ಅರ್ಧ ಮುಷ್ಟಿಯಲ್ಲೇ ಇರುತ್ತಿತ್ತು. ನಗುವಾಗಲೂ ಎದುರಿಗಿದ್ದವನ ಬೆನ್ನಿಗೆ ಗುದ್ದುವುದು ಅಭ್ಯಾಸ. ಸಂತೋಷದಲ್ಲಿದ್ದಾನೋ ಸಿಟ್ಟಿನಲ್ಲಿದ್ದಾನೋ ತಿಳಿಯಬೇಕಾದರೆ ಗುದ್ದು ಎಷ್ಟು ನೋಯಿತು ಎಂದು ನೋಡಿಕೊಳ್ಳಬೇಕಿತ್ತು.

ಗಾಡಿ ಒಯ್ಯುವ ದಿನ ಅವನ ಜೊತೆ ಬಂದದ್ದು ನೆಂಟರಲ್ಲ, ಅವನ ಹೊಲದಲ್ಲಿ ಕೆಲಸ ಮಾಡುವ ಹೆಣ್ಣಾಳುಗಳು. ಟೈರಿನಡಿ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಆರತಿ ಎತ್ತಿ ಮುಗಿದ ಮೇಲೆ "ಹತ್ರಿ ಒಳಗ" ಎಂದ. ಅವರು ಹತ್ತಲಿಲ್ಲ. ನಮ್ಮ ಕಡೆ ಹೊಸ ಗಾಡಿಯ ಸೀಟಿಗೆ ಕಂಪನಿಯವರು ಸುತ್ತಿದ ಪ್ಲಾಸ್ಟಿಕ್ ಇರುತ್ತದಲ್ಲ, ಅದನ್ನು ಯಾರೂ ತೆಗೆಯುವುದಿಲ್ಲ. ಬೆನ್ನು ಬೆವತು ಅಂಟಿದರೂ ಸರಿ, ಹರಿದು ಜೋತಾಡಿದರೂ ಸರಿ, ಹೊಸತನ ಹೋಗಬಾರದು. ಆ ಹೆಂಗಸರು ಆ ಹೊಳಪು ನೋಡಿ ಹಿಂಜರಿದರು. ಅವರಲ್ಲಿ ಹಿರಿಯಳಾದ ಅಜ್ಜಿ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಹಿಂದೆ ಮಾಲು ಹೇರುವ ಬಾಡಿಯ ಮೇಲೆ ಕಾಲಿಡಲು ಹೋದಳು. "ನಮ್ ಕಾಲು ರಾಡಿ ಅದಾವರೀ ಗೌಡ್ರ. ಸೀಟು ಹೊಲಸಕ್ಕೈತಿ. ನಾವು ಹಿಂದ ಕುಂದರ್ತೀವಿ."

ಅವನ ಮುಖ ಕಪ್ಪಾಯಿತು. ಅಜ್ಜಿಯ ಸೊಂಟದಲ್ಲಿದ್ದ ಕುಡುಗೋಲು ಕಿತ್ತುಕೊಂಡ. ನಾನು ಹಾರಿ ಕೌಂಟರಿನ ಆಚೆ ನಿಂತೆ. ಯಾರಿಗೋ ಇವತ್ತು ಕಾದಿದೆ ಎಂದುಕೊಂಡೆ. ಅವನು ಗಾಡಿಯ ಬಾಗಿಲು ತೆಗೆದು, ಹಿಂದಿನ ಸೀಟನ್ನು ಈ ತುದಿಯಿಂದ ಆ ತುದಿಗೆ ಸೀಳಿದ. ಪ್ಲಾಸ್ಟಿಕ್ ಅಷ್ಟೇ ಅಲ್ಲ, ಅದರ ಕೆಳಗಿನ ಬಟ್ಟೆಯೂ ಹರಿದು ಹಳದಿ ಸ್ಪಂಜು ಹೊರಗೆ ಬಂತು. ಕುಡುಗೋಲನ್ನು ಅಜ್ಜಿಗೆ ವಾಪಸು ಕೊಟ್ಟು, "ಈಗ ಹೊಲಸಾಗಾಕ ಏನರ ಉಳೀತೇನು? ಹತ್ತು" ಎಂದ. ಅವರೆಲ್ಲ ಬಾಯಿ ಮುಚ್ಚಿಕೊಂಡು ಹತ್ತಿದರು. ನಾನು ವರ್ಷಗಟ್ಟಲೆ ಗಾಡಿ ಕೊಟ್ಟಿದ್ದೇನೆ. ಶೋರೂಮಿನ ಅಂಗಳ ದಾಟುವ ಮೊದಲೇ ಹೊಸ ಗಾಡಿಯ ಹೊಟ್ಟೆ ಬಗೆದವನನ್ನು ಬೇರೆ ಕಾಣೆ.

ಇಲ್ಲಿ ನನ್ನ ಕಷ್ಟವನ್ನೂ ಹೇಳಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಯಾರೂ ಶೋರೂಮಿನವನ ಮಾತು ನಂಬಿ ಗಾಡಿ ಕೊಳ್ಳುವುದಿಲ್ಲ. ಮೊದಲೇ ಕೊಂಡವನನ್ನು ಹುಡುಕಿಕೊಂಡು ಹೋಗಿ, ಅವನ ಮನೆಯಲ್ಲಿ ಎಲೆಅಡಿಕೆಯ ಕವಳ ಹಾಕಿ, ಮಳೆ ಬೆಳೆ ಎಲ್ಲ ಮಾತಾಡಿದ ಮೇಲೆ, ಏಳುವಾಗ "ಗಾಡಿ ಹೆಂಗೆ?" ಎಂದು ಕೇಳುತ್ತಾರೆ. ಅವನ ಉತ್ತರದ ಮೇಲೆ ನನ್ನ ಹೊಟ್ಟೆ ನಡೆಯಬೇಕು. ಹೊಸ ಮಾಡೆಲ್ಲಿಗೆ ಇಡೀ ಸೀಮೆಯಲ್ಲಿ ಮೊದಲು ಸಿಕ್ಕಿದ ಮಾಲೀಕ ಇವನು! ವಾನಳ್ಳಿ ಕಡೆಯ ಹೆಗಡೆಯವರೊಬ್ಬರು ಅಷ್ಟು ದೂರ ಹೋಗಿ ಕೇಳಿ ಬಂದು ನನ್ನ ಮುಂದೆ ಕೂತರು. "ಮೈಲೇಜು ಎಷ್ಟು ಕೊಡ್ತು ಕೇಳಿದ್ರೆ, ಹಿಂದೆ ಜನ ಹತ್ತಸ್ತ್ಯನ ಹೇಳಿ ನಂಗೇ ಕೇಳ್ತ. ಆನು ಇಲ್ಲೆ ಅಂದೆ. ಬೆನ್ನಿಗೆ ಒಂದು ಗುದ್ದಿದ ಮಾರಾಯ, ಇನ್ನೂ ನೋಯ್ತು. ಗಾಡಿ ಅಡ್ಡಿಲ್ಲೆ ಅಂದ." ಅವರು ಗಾಡಿ ಬುಕ್ ಮಾಡಿದರು. ಆ ಗುದ್ದು ಸಂತೋಷದ್ದು ಎಂದು ನಾನು ಅವರಿಗೆ ಹೇಳಲಿಲ್ಲ.

ಸಿಟ್ಟಿನದ್ದು ಹೇಗಿರುತ್ತದೆ ಎಂದು ಸಿದ್ದಾಪುರದ ರಸ್ತೆಯಲ್ಲಿ ಕಣ್ಣಾರೆ ಕಂಡೆ. ನಾನು ದಿನಾ ಸಿದ್ದಾಪುರದಿಂದ ಬಸ್ಸಿನಲ್ಲಿ ಬಂದು ಹೋಗುವವನು. ಒಂದು ಬೆಳಿಗ್ಗೆ ಬಸ್ಸು ನಿಂತಿತು. ರಸ್ತೆಗೆ ಅಡ್ಡ ಬಿಳಿ ಪಿಕಪ್. ಅದರೆದುರು ಮದುವೆ ದಿಬ್ಬಣದ ಇನ್ನೊಂದು ಪಿಕಪ್, ಬಾಳೆಕಂದು ಕಟ್ಟಿಕೊಂಡು, ಹಿಂದೆ ರೇಷ್ಮೆ ಸೀರೆಯ ಹೆಂಗಸರನ್ನು ತುಂಬಿಕೊಂಡು. ಅವನು ಆ ಗಾಡಿಯ ಡ್ರೈವರನ್ನು ಕಿಟಕಿಯಿಂದಲೇ ಹೊರಗೆ ಎಳೆದಿದ್ದ. ನಾವು ಇಳಿದು ಓಡುವಷ್ಟರಲ್ಲಿ ಮುಖ ಮೂತಿ ನೋಡದೆ ಬಾರಿಸುತ್ತಿದ್ದ. ಡ್ರೈವರನ ಹೊಸ ಬಿಳಿ ಅಂಗಿಯ ಮೇಲೆ ರಕ್ತ ಹರಿಯಿತು. ಮುಂದಿನ ಹಲ್ಲು ಟಾರಿನ ಮೇಲೆ ಬಿದ್ದಿತ್ತು. ಮದುಮಗನ ಅಪ್ಪ ಪೇಟದ ಸಮೇತ ಕಾಲಿಗೆ ಬಿದ್ದ: "ಮುಹೂರ್ತ ತಪ್ಪಿಹೋತದೆ, ಬಿಡ್ರಾ." ಅವನು ಬಿಟ್ಟ. ಆಮೇಲೆ ಆ ಹೆಂಗಸರನ್ನೆಲ್ಲ ಕಂತು ಕಂತಾಗಿ ತನ್ನ ಗಾಡಿಯ ಹರಿದ ಸೀಟಿನಲ್ಲಿ ಕೂರಿಸಿಕೊಂಡು ಕಲ್ಯಾಣ ಮಂಟಪಕ್ಕೂ ರಸ್ತೆಗೂ ತಿರುಗಾಡಿದ. ಮುಹೂರ್ತ ತಪ್ಪಿಯೇ ಹೋಯಿತು. ಹೆಂಗಸರು ಇಳಿಯುವಾಗ ಒಬ್ಬೊಬ್ಬರೂ ಶಾಪ ಹಾಕಿಯೇ ಇಳಿದರಂತೆ.

ಪೊಲೀಸು ಠಾಣೆ, ರಾಜಿ, ಕೈ ಮುಗಿಯುವುದು ಎಲ್ಲ ಆಯಿತು. ಅವನು ಕೈ ಮುಗಿದ, ಮತ್ತೆ ಹೊಡೆದ. ಮುಂಡಗೋಡ ರಸ್ತೆಯಲ್ಲಿ ಒಬ್ಬನ ಕೈ ಮುರಿದ. ಇನ್ನೊಂದು ಗಾಡಿಯ ಗಾಜನ್ನು ಜಾಕಿನ ಕಂಬಿಯಿಂದ ಒಡೆದ. ಅವನಿಗೂ ಬಿದ್ದವು, ಒಮ್ಮೆ ನಾಲ್ಕಾರು ಡ್ರೈವರುಗಳು ಸೇರಿ ಮಾರ್ಕೆಟ್ ಯಾರ್ಡಿನ ಹಿಂದೆ ಕೆಡವಿಕೊಂಡು ತುಳಿದರು. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಸೀದಾ ನನ್ನ ಕೌಂಟರಿಗೆ ಬಂದು ಕೂತ. "ಹೊಡದ್ರೂ ಕೇಳಂಗಿಲ್ಲ, ಹೊಡಿಸ್ಕೊಂಡ್ರೂ ಕೇಳಂಗಿಲ್ಲ. ಯಾರೂ ನನ್ ಮಾತ್ ಕೇಳಂಗಿಲ್ಲೋ ಶೋರೂಮು" ಎಂದ. ನನಗೆ ಅಯ್ಯೋ ಅನ್ನಿಸಿತು. ಹುಚ್ಚು ಎಂದೂ ಅನ್ನಿಸಿತು. ಕಾರಣ ಕೇಳುವ ಧೈರ್ಯ ನನಗಿರಲಿಲ್ಲ.

ಕಾರಣ ಗೊತ್ತಾದದ್ದು ಶೋರೂಮಿನ ಅಂಗಳದಲ್ಲಿ, ಎಲ್ಲರೆದುರು. ಕಂಪನಿಯವರು ಒಂದು ಭಾನುವಾರ ಮಾಲೀಕರ ಸಭೆ ಇಟ್ಟಿದ್ದರು. ಗಾಡಿ ಕೊಂಡವರು ಕೊಳ್ಳುವವರಿಗೆ ನಾಲ್ಕು ಮಾತು ಹೇಳಬೇಕು, ನಾವು ಅವಲಕ್ಕಿ ಚಹಾ ಕೊಡಬೇಕು. ಒಬ್ಬೊಬ್ಬರೂ ಒಂದೊಂದು ಹೇಳಿದರು. ಶಾಮಿಯಾನದವನಿಗೆ ಹಿಂದಿನ ಬಾಡಿ ಗಿಡ್ಡವಾಯಿತು, ಕಂಬಗಳು ಹೊರಗೆ ಚಾಚುತ್ತವೆ. ಹಾಲಿನ ಕ್ಯಾನು ಸಾಗಿಸುವವನಿಗೆ ಘಾಟಿಯಲ್ಲಿ ಎಳೆಯುವ ದಮ್ಮು ಮೆಚ್ಚಿಗೆ. ವಾನಳ್ಳಿಯ ಹೆಗಡೆಯವರು, ವಾರದಲ್ಲಿ ಗೊಬ್ಬರ ಹೇರಿ ಭಾನುವಾರ ತೊಳೆದರೆ ಅದೇ ಗಾಡಿಯಲ್ಲಿ ಸೋಂದಾ ಮಠಕ್ಕೆ ಊಟಕ್ಕೆ ಹೋಗಬಹುದು ಎಂದರು. ಎಲ್ಲರೂ ನಕ್ಕರು. ಅವನು ಅನಾನಸ್ ಲೋಡಿನ ಜೊತೆಗೇ ಬಂದಿದ್ದ, ಸರದಿ ಬಂದಾಗ ಎದ್ದು, "ಗಾಡಿ ಚಲೋ ಐತಿ. ಮಂದಿ ಒಳಗ, ಮಾಲು ಹಿಂದ" ಎಂದಿಷ್ಟೇ ಹೇಳಿ ಕೂತ. ನಾನು ದೇವರಿಗೆ ಕೈ ಮುಗಿದೆ.

ಆಗ ಯಲ್ಲಾಪುರದ ಕೂಲಿ ಗುತ್ತಿಗೆದಾರ ಎದ್ದ. ಶಿರಸಿಯ ಪೂರ್ವದ ಹಳ್ಳಿಗಳಿಂದ ಹೆಣ್ಣಾಳುಗಳನ್ನು ಯಲ್ಲಾಪುರದ ಶುಂಠಿ ಹೊಲಗಳಿಗೆ ಕರೆದೊಯ್ಯುವವನು. ಪಕ್ಕದಲ್ಲಿ ಅವನ ಹೊಸ ಡ್ರೈವರ್. ನೋಡಿದರೆ, ಸಿದ್ದಾಪುರ ರಸ್ತೆಯಲ್ಲಿ ಹಲ್ಲು ಕಳೆದುಕೊಂಡವನೇ. ತನ್ನನ್ನು ಹೊಡೆದವನನ್ನು ಕಂಡ ಕೂಡಲೇ ತಲೆ ತಗ್ಗಿಸಿದ್ದ. ಗುತ್ತಿಗೆದಾರ ಕೇಳಿದ: "ಅದೆಲ್ಲ ಇರ್ಲಿ. ಹಿಂದೆ ಬೆಂಚ್ ಹಾಕ್ಸಿದ್ರೆ ಎಷ್ಟ್ ಜನ ಹಿಡೀತಾರೆ?"

ಕುರ್ಚಿ ಹಾರಿತು. ನಾವು ನಾಲ್ಕು ಮಂದಿ ಹಿಡಿಯುವ ಮೊದಲೇ ಗುತ್ತಿಗೆದಾರನ ಹಣೆಗೆ ಅವನ ಹಣೆ ಬಡಿದಿತ್ತು. ಇಬ್ಬರೂ ಗಾಜಿನ ಬಾಗಿಲಿನ ಮೇಲೆ ಬಿದ್ದರು. ಗಾಜು ಪುಡಿಯಾಗಿ ಅವಲಕ್ಕಿ ತಟ್ಟೆಗಳ ಮೇಲೆ ಉದುರಿತು. ಮೂಗಿನಿಂದ ರಕ್ತ ಸುರಿಯುತ್ತಿದ್ದ ಗುತ್ತಿಗೆದಾರನನ್ನು ಕುತ್ತಿಗೆ ಹಿಡಿದು ಎಳೆದೊಯ್ದು ತನ್ನ ಗಾಡಿಯ ಒಳಗೆ ನೂಕಿದ. ಡ್ರೈವರನಿಗೆ "ನೀನೂ ಹತ್ತಲೇ" ಎಂದ. ಹಿಂದಿದ್ದ ಅನಾನಸ್‌ಗಳ ಮೇಲಿನ ಹಗ್ಗ, ಬಲೆ ಎರಡನ್ನೂ ಕಿತ್ತೆಸೆದ. ಗಾಡಿ ರಸ್ತೆಯ ಆಚೆ ತುದಿಗೆ ಹೋಗಿ ತಿರುಗಿ, ನಮ್ಮೆಲ್ಲರ ಕಡೆ ನುಗ್ಗಿ ಬಂತು. ಗೇಟಿನ ಎದುರು ಅವನು ಬ್ರೇಕಿನ ಮೇಲೆ ನಿಂತೇಬಿಟ್ಟ.

ಟೈರು ಕಿರುಚಿತು. ಅನಾನಸ್‌ಗಳೆಲ್ಲ ಒಮ್ಮೆಲೇ ಎದ್ದವು. ಕೆಲವು ಕ್ಯಾಬಿನ್ನಿಗೆ ಬಡಿದು ಒಡೆದವು, ಕೆಲವು ಅದರ ಮೇಲಿಂದ ಹಾರಿ ಬಾನೆಟ್ಟಿಗೆ ಅಪ್ಪಳಿಸಿ ರಸ್ತೆಗೆ ಬಿದ್ದವು. ಮುಂದೆ ಬಿದ್ದವುಗಳ ಮೇಲೆ ಗಾಡಿಯ ಚಕ್ರವೇ ಹತ್ತಿತು. ರಸ ಹರಿದು ನಮ್ಮ ಚಪ್ಪಲಿಯವರೆಗೆ ಬಂತು. ಅವನು ಇಳಿದು, ಒಡೆದ ಹಣ್ಣೊಂದನ್ನು ಜುಟ್ಟು ಹಿಡಿದು ಎತ್ತಿ, ಗುತ್ತಿಗೆದಾರನ ಮುಖಕ್ಕೆ ಒತ್ತಿದ.

"ಎಷ್ಟ್ ಮಂದಿ ಹಿಡೀತಾರಂತ ಕೇಳಿದೆಲ್ಲ, ಎಣಿಸು. ನನ್ ಹೇಂತಿ ಹಿಂಗ ಹೋದ್ಲು. ಹಳೇ ಗಾಡಿ, ಮುಂದ ಜಾಗ ಇದ್ದಿಲ್ಲ. ಬಸರಿ ಹೆಂಗಸಿಗೆ ತನ್ ಸೀಟು ಬಿಟ್ಟುಕೊಟ್ಟು ಹಿಂದ ನಿಂತಿದ್ಲು. ಯಲ್ಲಾಪುರ ರಸ್ತೇದಾಗ ಕಾಡುಕೋಣ ಅಡ್ಡ ಬಂತು. ಬ್ರೇಕ್ ಹೊಡದಾಂವ ನಾನ." ಹಣ್ಣನ್ನು ಕೆಳಗೆ ಹಾಕಿದ. "ನನ್ ಗಾಡಿ ಮುಂದ ಬಿದ್ಲು. ನನ್ ಗಾಡೀನ ಆಕಿ ಮ್ಯಾಲ ಹತ್ತೇತಿ."

ಹೇಳಿ ಅವನು ರಸ್ತೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಡೆಯದ ಹಣ್ಣುಗಳನ್ನು ಒಂದೊಂದಾಗಿ ಆರಿಸತೊಡಗಿದ. ಡ್ರೈವರ್ ಇಳಿದು ಕ್ಯಾಬಿನ್ನಿಗೆ ಆತು ನಿಂತು ನೋಡುತ್ತಿದ್ದ. ಆಮೇಲೆ ಅವನೂ ಬಗ್ಗಿ ಹಣ್ಣು ಆರಿಸಿದ. ತನ್ನ ಹಲ್ಲು ಉದುರಿಸಿದವನ ಪಕ್ಕದಲ್ಲೇ ಕೂತು ಆರಿಸಿದ.

ಗುತ್ತಿಗೆದಾರನಿಗೆ ಪಾಠ ತಾಗಲಿಲ್ಲ. ಎರಡು ಸಾಲಿನದು ಬೇಡ ಎಂದು, ಅದರಲ್ಲಿ ಹಿಂದೆ ಜಾಗ ಕಡಿಮೆಯಂತೆ, ಒಂದೇ ಸಾಲಿನ ಉದ್ದ ಬಾಡಿಯ ಪಿಕಪ್ ಒಯ್ದ. ವೆಲ್ಡಿಂಗ್ ಅಂಗಡಿಯಲ್ಲಿ ಹಿಂದೆ ಬೆಂಚು ಹಾಕಿಸಿಕೊಂಡ. ಸುದ್ದಿ ತಿಳಿದು ಅವನು ಬಂದ. "ಕೊಟ್ಟೆ?" ಎಂದ. "ಮಾರೋದು ನನ್ನ ಕೆಲಸ ಗೌಡ್ರೇ. ಇಲ್ಲಿ ಸಿಗದಿದ್ರೆ ಹುಬ್ಬಳ್ಳಿಯಿಂದ ತರ್ತಿದ್ದ" ಎಂದೆ. ಅವನ ಕೈ ಎದ್ದಿತು. ನಾನು ಈ ಸಲ ಕಣ್ಣು ಮುಚ್ಚಲಿಲ್ಲ. ಕೈ ಅಲ್ಲಿಯೇ ಸ್ವಲ್ಪ ಹೊತ್ತು ನಿಂತು ಕೆಳಗಿಳಿಯಿತು. ಹೊಡೆದಿದ್ದರೆ ಒಳ್ಳೆಯದಿತ್ತು.

ಅಲ್ಲಿಂದ ಅವನು ಶುಂಠಿಯ ಕೆಲಸ ಇರುವಷ್ಟು ಕಾಲ ಸಂಜೆಯ ಹೊತ್ತು ಯಲ್ಲಾಪುರ ರಸ್ತೆಯಲ್ಲಿ ಗಾಡಿ ಅಡ್ಡ ನಿಲ್ಲಿಸತೊಡಗಿದ. ಕೂಲಿಯವರು ವಾಪಸಾಗುವ ಹೊತ್ತು ಅದು. ಹೆಂಡತಿ ಸತ್ತ ತಿರುವೇ ಅದು ಎಂದು ಜನ ಕಥೆ ಕಟ್ಟಿದ್ದಾರೆ. ಅದಲ್ಲ, ಅದಕ್ಕಿಂತ ಎಷ್ಟೋ ಈಚೆ, ಹೋಟೆಲೊಂದು ಇರುವ ಜಾಗ. ಅಲ್ಲಿ ಚಹಾ ಸಿಗುತ್ತಿತ್ತು ಎಂದು ನಿಲ್ಲುತ್ತಿದ್ದ, ಅಷ್ಟೇ. ಗಾಡಿಗಳು ನಿಲ್ಲುತ್ತಿದ್ದವು, ಬೈಗುಳ ಆಗುತ್ತಿತ್ತು, ಕೆಲವೊಮ್ಮೆ ಕೈಯೂ ಆಗುತ್ತಿತ್ತು. ಹೆಂಗಸರು ಇಳಿದು ಅವನ ಗಾಡಿ ಹತ್ತುತ್ತಿದ್ದರು. ಅವರಿಗೂ ಅದು ಅಭ್ಯಾಸವಾಗಿತ್ತು.

ಆ ದಿನ ಅವನ ಗಾಡಿ ನಮ್ಮ ವರ್ಕ್‌ಶಾಪಿನಲ್ಲಿತ್ತು. ಯಾರದೋ ಗಾಡಿಗೆ ಗುದ್ದಿಸಿ ಬಂಪರ್ ಒಳಗೆ ಹೋಗಿತ್ತು. ಮಧ್ಯಾಹ್ನ ಬಂದು ಕೇಳಿದ, ಆಗಿರಲಿಲ್ಲ. "ಸಂಜೆ ಬನ್ನಿ ಗೌಡ್ರೇ" ಎಂದೆ. "ಸಂಜೀಗೇ ನನಗ ಬೇಕಾಗಿರೂದು" ಎಂದು ಗೊಣಗಿ, ಬಸ್ ಸ್ಟ್ಯಾಂಡಿನ ಕಡೆ ಹೋದ. ಮನೆಗೆ ಹೋಗುತ್ತಾನೆ ಎಂದುಕೊಂಡೆ. ಯಲ್ಲಾಪುರದ ಬಸ್ಸು ಹತ್ತಿದ್ದ.

ಯಲ್ಲಾಪುರ ರಸ್ತೆಯಲ್ಲಿ ಅವನಿಗೆ ಗಾಡಿ ಬಡಿದಿದೆ ಎಂದು ಫೋನ್ ಬಂದಾಗ ವರ್ಕ್‌ಶಾಪಿನವರು ಬಂಪರ್ ಕೂರಿಸುತ್ತಿದ್ದರು. ಆಸ್ಪತ್ರೆಗೆ ಓಡಿದೆ. ಮೆಟ್ಟಿಲ ಮೇಲೆ ಗುತ್ತಿಗೆದಾರನ ಆ ಡ್ರೈವರ್ ಕೂತಿದ್ದ. ಅವನ ಸುತ್ತ ಶುಂಠಿ ಮಣ್ಣಿನ ಕಾಲಿನ ಹೆಂಗಸರು. ಒಬ್ಬರಿಗೂ ಒಂದು ಗಾಯವಿರಲಿಲ್ಲ. ಅವರ ಸೀರೆಗಳ ಮೇಲಿದ್ದ ರಕ್ತ ಅವರದ್ದಲ್ಲ. ಒಳಗೆ ಆಗಬೇಕಾದದ್ದೆಲ್ಲ ಆಗಿಹೋಗಿತ್ತು.

ನಾನು ಡ್ರೈವರನ ಕಾಲರ್ ಹಿಡಿದೆ. ಜೀವನದಲ್ಲಿ ಮೊದಲ ಸಲ ಯಾರಿಗಾದರೂ ಹೊಡೆಯಬೇಕೆಂದು ನನ್ನ ಕೈ ಎದ್ದಿತು. "ನಡುರಸ್ತೇಲಿ ಕೈ ಎತ್ತಿ ನಿಂತಿದ್ರಂತಲ್ಲೋ. ಕಣ್ಣು ಕಾಣ್ಲಿಲ್ವಾ? ಬ್ರೇಕ್ ಇರ್ಲಿಲ್ವಾ?"

"ಇತ್ತು ಸಾರ್. ಕಾಲು ಬ್ರೇಕ್ ಮೇಲೇ ಇತ್ತು." ಹಲ್ಲಿಲ್ಲದ ಕಡೆಯಿಂದ ಉಸಿರು ಸೋರಿ ಮಾತು ತೊದಲುತ್ತಿತ್ತು. "ತಿರುಗಿದ ಕೂಡ್ಲೇ ಕಂಡ್ರು. ಆ ಕಡೆ ಬಸ್ಸು, ಈ ಕಡೆ ಹೊಂಡ. ಜೋರಾಗಿ ಒತ್ತಾನ ಅಂದ್ರೆ ಆ ಅನಾನಸ್ ಕಣ್ಮುಂದೆ ಬಂದ್ವು. ಹಿಂದೆ ಇವ್ರೆಲ್ಲ ಇದ್ರಲ್ಲ ಸಾರ್. ಮೆಲ್ಲಗೆ ಒತ್ತಿದೆ. ಸರೀತಾರೆ ಅಂದ್ಕಂಡೆ. ಸರೀಲಿಲ್ಲ."

ನನ್ನ ಕೈ ಕೆಳಗೆ ಬಂತು. ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಹೆಂಗಸರಲ್ಲೊಬ್ಬಳು ಮುಂದಿನದನ್ನು ಹೇಳಿದಳು. ಮುಂದಿನ ಸೀಟಿನಲ್ಲಿ ಮಲಗಿಸಲು ಜಾಗವಿರಲಿಲ್ಲ. ಅವನನ್ನು ಎತ್ತಿ ಹಿಂದೆಯೇ, ಬೆಂಚುಗಳ ನಡುವೆ, ತಮ್ಮ ತೊಡೆಗಳ ಮೇಲೆ ಮಲಗಿಸಿಕೊಂಡರಂತೆ. ಅವನಿಗೆ ಅರಿವಿತ್ತಂತೆ. ಡ್ರೈವರ್ ಗಾಬರಿಯಲ್ಲಿ ಗಾಡಿಯನ್ನು ಜೋರಾಗಿ ಬಿಟ್ಟ. ಗಾಡಿ ಎತ್ತಿ ಎತ್ತಿ ಹಾಕತೊಡಗಿತು, ಇವರು ಒಬ್ಬರ ಮೇಲೊಬ್ಬರು ಬಿದ್ದರು.

"ಅಷ್ಟ್ ಪೆಟ್ಟಾಗಿದ್ರೂ ಎದ್ರು ನೋಡ್ರಿ ಅಣ್ಣಾರ. ಕ್ಯಾಬಿನ್ ಗಾಜಿಗೆ ಗುದ್ದಿದ್ರು, ಗಾಜು ಒಡೀತು. ಸಾವಕಾಶ ಹೊಡಿಯೋ, ಹಿಂದ ಹೆಣ್ಮಕ್ಕಳದಾರ ಅಂದ್ರು. ಮತ್ತ ನಮ್ ತೊಡಿ ಮ್ಯಾಲ ಬಿದ್ರು."

ನಾನು ಡ್ರೈವರನ ಮುಖ ನೋಡಿದೆ.

"ಆಮೇಲೆ ನಿಧಾನ್ಕೇ ಬಂದೆ ಸಾರ್" ಎಂದ.

ಇನ್ನೂ ಸ್ವಲ್ಪ ಬೇಗ ತಂದಿದ್ದರೆ ನೋಡಬಹುದಿತ್ತು ಎಂದು ಒಳಗಿನಿಂದ ಬಂದ ಡಾಕ್ಟರು ಹೇಳಿದರು. ಡ್ರೈವರ್ ತಲೆ ತಗ್ಗಿಸಿ ಕೇಳಿಸಿಕೊಂಡ. ಯಾರೂ ನನ್ನ ಮಾತು ಕೇಳುವುದಿಲ್ಲ ಎಂದು ಇಡೀ ಸೀಮೆಯ ಮೇಲೆ ಬಡಿದಾಡಿದವನ ಮಾತನ್ನು ಇವನೊಬ್ಬ ಕೇಳಿದ್ದ, ಒಂದೇ ಸಂಜೆಯಲ್ಲಿ ಎರಡು ಸಲ. ನನಗೆ ಈಗಲೂ ಸಿಟ್ಟಿರುವುದು ಡ್ರೈವರನ ಮೇಲಲ್ಲ, ಅವನ ಮೇಲೆ. ಆ ಗಾಜಿಗೆ ಗುದ್ದಿ, ಬೇಗ ಹೊಡಿ ಎನ್ನಬೇಕಿತ್ತು.